ಕಲಬುರಗಿ, ಬೀದರ್, ಯಾದಗಿರಿಯಿಂದ ದೊಡ್ಡ ಹಾರ್ಡ್‌ವೇರ್ ಕಂಪನಿಗೆ: ಅರ್ಜಿ ಹಾಕುವ ಮೊದಲು ಏನು, ಆಮೇಲೆ ಏನು

ಎಂಜಿನಿಯರಿಂಗ್ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ಹಾರ್ಡ್‌ವೇರ್ ಕಂಪನಿಗಳ ವಿಷಯದಲ್ಲಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಅರ್ಜಿ ಹಾಕುತ್ತಾರೆ. ಉತ್ತರ ಬರದಿದ್ದಾಗ ಕೋರ್ಸ್ ಸೇರುತ್ತಾರೆ. ಕೋರ್ಸ್ ಅರ್ಧಕ್ಕೆ ಬಂದಾಗ ತಮಗೆ ಯಾವ ಕೆಲಸ ಬೇಕು ಅಂತ ಯೋಚನೆ ಶುರು ಮಾಡುತ್ತಾರೆ. ಇದು ಪೂರ್ತಿ ಉಲ್ಟಾ.

ಇಂಟೆಲ್, ಕ್ವಾಲ್ಕಾಮ್, ಎಎಂಡಿ, ಎನ್‌ವಿಡಿಯಾ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಎಲ್ಲಕ್ಕೂ ಒಂದೇ ರೆಸ್ಯೂಮೆ ಹೋಗುತ್ತದೆ. ಎಲ್ಲ ಕಡೆಯಿಂದಲೂ ಅದೇ ಮೌನ. "ನಮ್ಮ ಕಾಲೇಜಿನ ಹೆಸರು ಯಾರಿಗೂ ಗೊತ್ತಿಲ್ಲ, ಅದಕ್ಕೇ" ಅನ್ನುವ ಮಾತು ಆಗ ಬರುತ್ತದೆ. ಕಾಲೇಜಿನ ಹೆಸರು ಲೆಕ್ಕಕ್ಕೆ ಬರುತ್ತದೆ, ಸುಳ್ಳಲ್ಲ. ಆದರೆ ಬಹಳಷ್ಟು ಅರ್ಜಿಗಳು ಕಾಲೇಜಿನ ಹೆಸರು ಓದುವ ಮೊದಲೇ ಬಿದ್ದಿರುತ್ತವೆ.

ಐದನೇ ಸೆಮಿಸ್ಟರ್‌ನಲ್ಲಿ ಇರುವವರಿಗೆ ಕೆಳಗಿನ ಎಲ್ಲ ಹಂತಕ್ಕೂ ಸಮಯ ಇದೆ. ಆಗಲೇ ಪಾಸಾದವರೂ ಇದೇ ಕ್ರಮ ಹಿಡಿಯಬೇಕು, ನಡುವೆ ಜಿಗಿಯಬಾರದು.

## ಹಂತ 1: ಕಂಪನಿ ಬಿಡಿ, ಕೆಲಸ ಆರಿಸಿ

"ನನಗೆ ಇಂಟೆಲ್‌ನಲ್ಲಿ ಕೆಲಸ ಬೇಕು" ಅನ್ನುವುದರಿಂದ ಏನೂ ತೀರ್ಮಾನ ಆಗುವುದಿಲ್ಲ. ಒಂದೇ ಕಟ್ಟಡದಲ್ಲಿ ಹತ್ತು ಬೇರೆ ಬೇರೆ ಕೆಲಸ ನಡೆಯುತ್ತವೆ. ಪ್ರತಿಯೊಂದಕ್ಕೂ ಬೇರೆ ತಯಾರಿ, ಬೇರೆ ಇಂಟರ್ವ್ಯೂ.

ಚಿಪ್‌ನ ಒಳಗಿನ ತರ್ಕವನ್ನು ವೆರಿಲಾಗ್ ಎಂಬ ಚಿಪ್ ವಿನ್ಯಾಸದ ಭಾಷೆಯಲ್ಲಿ ಬರೆಯುವುದು ಆರ್‌ಟಿಎಲ್ ಡಿಸೈನ್. ಬರೆದದ್ದು ಸರಿ ಇದೆಯಾ ಅಂತ ಕೆದಕಿ ಕೆದಕಿ ನೋಡುವುದು ವೆರಿಫಿಕೇಶನ್. ಇದಕ್ಕೆ ವೆರಿಲಾಗ್‌ನ ದೊಡ್ಡ ರೂಪವಾದ ಸಿಸ್ಟಂವೆರಿಲಾಗ್ ಮತ್ತು ಅದರಲ್ಲಿ ಟೆಸ್ಟ್ ಕಟ್ಟುವ ಸಿದ್ಧ ಚೌಕಟ್ಟಾದ ಯುವಿಎಂ ಬೇಕು. ತರ್ಕವನ್ನು ಸಿಲಿಕಾನ್ ಮೇಲೆ ಜೋಡಿಸಿ ತಂತಿ ಎಳೆಯುವುದು ಫಿಸಿಕಲ್ ಡಿಸೈನ್. ತಯಾರಾದ ಚಿಪ್ ಅನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಲು ಬೇಕಾದ ವ್ಯವಸ್ಥೆಯನ್ನು ಡಿಸೈನ್‌ನಲ್ಲೇ ಇಡುವುದು ಡಿಎಫ್‌ಟಿ. ಚಿಪ್ ಲ್ಯಾಬ್‌ಗೆ ಬಂದ ಮೇಲೆ ಬೋರ್ಡಿನಲ್ಲಿ ಕೂರಿಸಿ ಎಬ್ಬಿಸುವವರು ಪೋಸ್ಟ್ ಸಿಲಿಕಾನ್ ವ್ಯಾಲಿಡೇಶನ್‌ನವರು. ಇವಲ್ಲದೆ ಅನಲಾಗ್ ಲೇಔಟ್, ಫರ್ಮ್‌ವೇರ್ (ಹಾರ್ಡ್‌ವೇರ್ ಅನ್ನು ನೇರವಾಗಿ ನಡೆಸುವ ಪ್ರೋಗ್ರಾಂ), ಬೋರ್ಡ್ ಡಿಸೈನ್, ಉತ್ಪಾದನೆಯ ಗುಣಮಟ್ಟ ಎಲ್ಲವೂ ಇವೆ.

ಹೊಸಬರಿಗೆ ನನ್ನ ಸಲಹೆ ಹೀಗೆ. ಪ್ರೋಗ್ರಾಮಿಂಗ್ ಇಷ್ಟ ಇರುವ ಇ ಅಂಡ್ ಸಿ ವಿದ್ಯಾರ್ಥಿಗೆ ವೆರಿಫಿಕೇಶನ್ ಒಳ್ಳೆಯ ದಾರಿ. ಡಿಸೈನ್ ಬರೆಯುವವರಿಗಿಂತ ಅದನ್ನು ತಪಾಸಣೆ ಮಾಡುವವರು ಸಾಮಾನ್ಯವಾಗಿ ಜಾಸ್ತಿ ಬೇಕಾಗುತ್ತಾರೆ. ಸಿ ಭಾಷೆ ಗಟ್ಟಿ ಇರುವ ಸಿಎಸ್ ವಿದ್ಯಾರ್ಥಿ ಫರ್ಮ್‌ವೇರ್ ಕಡೆ ನೋಡಲಿ. ಇಇಇ ಓದಿದವರು ಪವರ್ ಸರ್ಕ್ಯೂಟ್, ಬೋರ್ಡ್, ವ್ಯಾಲಿಡೇಶನ್ ಕಡೆ ಹೋಗಬಹುದು. ಆರ್‌ಟಿಎಲ್ ಡಿಸೈನ್ ಎಲ್ಲರಿಗೂ ಬೇಕು, ಹೊಸಬರಿಗೆ ಸಿಗುವುದು ಕಡಿಮೆ. ಅದನ್ನೇ ನಂಬಿ ಕೂರಬೇಡಿ.

ಡಿಪ್ಲೊಮಾ, ಐಟಿಐ ಮಾಡಿದವರಿಗೂ ಜಾಗ ಇದೆ, ಆದರೆ ಬೇರೆ ಬಾಗಿಲು. ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್, ಕೋಲಾರದ ನರಸಾಪುರದಲ್ಲಿ ಹಿಂದೆ ವಿಸ್ಟ್ರಾನ್ ನಡೆಸುತ್ತಿದ್ದ, ಈಗ ಟಾಟಾ ಎಲೆಕ್ಟ್ರಾನಿಕ್ಸ್ ಕೈಯಲ್ಲಿರುವ ಘಟಕ, ಇವೆಲ್ಲ ಐಫೋನ್ ಜೋಡಿಸುವ ಕಾರ್ಖಾನೆಗಳು. ಇಲ್ಲಿ ಜೋಡಣೆಯ ಸಾಲಿಗಿಂತ ಯಂತ್ರ ನಿರ್ವಹಣೆ, ಟೆಸ್ಟಿಂಗ್, ಗುಣಮಟ್ಟ ವಿಭಾಗದ ಕೆಲಸ ಹಿಡಿದರೆ ಮುಂದೆ ಬೆಳೆಯಬಹುದು. ಕಲಬುರಗಿಯಲ್ಲೇ ಇರುವ ಸರ್ಕಾರಿ ತರಬೇತಿ ಕೇಂದ್ರಗಳಾದ ಜಿಟಿಟಿಸಿ ಮತ್ತು ಕೆಜಿಟಿಟಿಐಗಳಲ್ಲಿ ಇಂಥ ಕೈಕೆಲಸದ ತರಬೇತಿ ಸಿಗುತ್ತದೆ. ಖಾಸಗಿ ಸಂಸ್ಥೆಗೆ ದುಡ್ಡು ಸುರಿಯುವ ಮೊದಲು ಅಲ್ಲಿ ಹೋಗಿ ವಿಚಾರಿಸಿ.

ತಪ್ಪು ದಾರಿಯ ಸೂಚನೆ: "ನೀನು ಯಾವ ಕೆಲಸಕ್ಕೆ ಪ್ರಯತ್ನ ಮಾಡ್ತಿದೀಯಾ?" ಅಂತ ಯಾರಾದರೂ ಕೇಳಿದಾಗ "ಯಾವುದಾದ್ರೂ ಪರವಾಗಿಲ್ಲ" ಅಂತ ಬಾಯಿಗೆ ಬಂದರೆ ನೀವಿನ್ನೂ ಹಂತ 1ರಲ್ಲೇ ಇದ್ದೀರಿ.

## ಹಂತ 2: ಯಾವ ಬಾಗಿಲಿನಿಂದ ಒಳಗೆ?

ದೊಡ್ಡ ಚಿಪ್ ಕಂಪನಿಗಳು ಹೊಸಬರನ್ನು ಹೆಚ್ಚಾಗಿ ಕ್ಯಾಂಪಸ್‌ನಿಂದ, ಅದರಲ್ಲೂ ಇಂಟರ್ನ್ ಆಗಿ ಬಂದವರಿಂದ ತೆಗೆದುಕೊಳ್ಳುತ್ತವೆ. ಅವರು ಹೋಗುವ ಕ್ಯಾಂಪಸ್‌ಗಳ ಪಟ್ಟಿ ಚಿಕ್ಕದು. ನಿಮ್ಮ ಕಾಲೇಜು ಅದರಲ್ಲಿ ಇಲ್ಲ ಅಂತಾದರೆ ಉಳಿಯುವ ಬಾಗಿಲುಗಳು ಇವು.

ಗೇಟ್ ಪ್ರವೇಶ ಪರೀಕ್ಷೆ ಬರೆದು ಐಐಟಿ, ಐಐಎಸ್‌ಸಿ ಅಥವಾ ಒಳ್ಳೆಯ ಎನ್‌ಐಟಿಯಲ್ಲಿ ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಎಂ.ಟೆಕ್ ಸೇರುವುದು ಎಲ್ಲಕ್ಕಿಂತ ನಂಬಿಕಸ್ತ ದಾರಿ. ಎರಡು ವರ್ಷ ಹಿಡಿಯುತ್ತದೆ, ಆದರೆ ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಎರಡನೇ ವರ್ಷದ ಇಂಟರ್ನ್‌ಶಿಪ್ ಅನೇಕರಿಗೆ ಅದೇ ಕಂಪನಿಯಲ್ಲಿ ಕೆಲಸವಾಗಿ ಬದಲಾಗುತ್ತದೆ. ಮನೆಯಲ್ಲಿ "ಇನ್ನೂ ಎರಡು ವರ್ಷ ಓದೋದಾ?" ಅಂದರೆ ಈ ಎರಡು ಮಾತನ್ನು ಮೊದಲು ಹೇಳಿ.

ಕೇಂದ್ರ ಸರ್ಕಾರದ ಸಂಸ್ಥೆಯಾದ ಸಿ-ಡ್ಯಾಕ್‌ನ ವಿಎಲ್‌ಎಸ್‌ಐ ಪಿಜಿ ಡಿಪ್ಲೊಮಾ ಸುಮಾರು ಆರು ತಿಂಗಳದ್ದು. ಸಿ-ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಖಾಸಗಿ ತರಬೇತಿಗೆ ಲಕ್ಷಗಟ್ಟಲೆ ಕೊಡುವ ಮೊದಲು ಇದನ್ನು ನೋಡಿ.

ಮೂರನೆಯದು ಡಿಸೈನ್ ಸರ್ವಿಸ್ ಕಂಪನಿ. ಟೆಸಾಲ್ವ್, ವಿಪ್ರೊ ಥರದ ಕಂಪನಿಗಳು ದೊಡ್ಡ ಚಿಪ್ ಕಂಪನಿಗಳಿಗೆ ಎಂಜಿನಿಯರ್‌ಗಳ ಸೇವೆ ಕೊಡುತ್ತವೆ. ಸಂಬಳದ ಚೀಟಿ ಸರ್ವಿಸ್ ಕಂಪನಿಯದು, ಮಾಡುವ ಕೆಲಸ ದೊಡ್ಡ ಕಂಪನಿಯದು. ಎರಡು ಮೂರು ವರ್ಷ ನಿಜವಾದ ಚಿಪ್ ಮೇಲೆ ಕೆಲಸ ಮಾಡಿದವರನ್ನು ದೊಡ್ಡ ಕಂಪನಿಗಳೇ ಕರೆಯುತ್ತವೆ. ನಮ್ಮ ಭಾಗದ ಮಕ್ಕಳಿಗೆ ಇದು ಅತ್ಯಂತ ಕೈಗೆಟುಕುವ ದಾರಿ ಅಂತ ನನ್ನ ಅನಿಸಿಕೆ. ಆದರೂ ಜನ ಇದನ್ನು ಕೀಳಾಗಿ ನೋಡುತ್ತಾರೆ, ಯಾಕೋ.

ಇನ್ನೊಂದು ವಿಷಯ. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು ಸುಮಾರು 700. ಕ್ವಾಲ್ಕಾಮ್, ಎಎಂಡಿ, ಮೈಕ್ರಾನ್ ಎಲ್ಲಕ್ಕೂ ಹೈದರಾಬಾದ್‌ನಲ್ಲಿ ದೊಡ್ಡ ಕಚೇರಿಗಳಿವೆ. ಉದ್ಯೋಗ ಹುಡುಕುವಾಗ ಊರಿನ ಜಾಗದಲ್ಲಿ ಬೆಂಗಳೂರು ಒಂದನ್ನೇ ಆರಿಸಿದರೆ ಅರ್ಧ ಅವಕಾಶ ಕಾಣುವುದೇ ಇಲ್ಲ.

ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಬಗ್ಗೆ ಕೇಳುವವರು ಬಹಳ. ಅದು 2013ರಿಂದ ಜಾರಿಯಲ್ಲಿರುವುದು ರಾಜ್ಯ ಸರ್ಕಾರದ ನೌಕರಿ ಮತ್ತು ಕಾಲೇಜು ಸೀಟುಗಳಿಗೆ. ಖಾಸಗಿ ಕಂಪನಿಯ ನೇಮಕಾತಿಗೂ ಅದಕ್ಕೂ ಸಂಬಂಧ ಇಲ್ಲ. ರೆಸ್ಯೂಮೆಯಲ್ಲಿ ಬರೆಯುವ ಅಗತ್ಯವೂ ಇಲ್ಲ.

## ಹಂತ 3: ಕಾಗದಪತ್ರ ಈಗಲೇ ಸರಿ ಮಾಡಿ

ಇದನ್ನು ಕೊನೆಗೆ ಇಟ್ಟುಕೊಂಡವರು ಆಫರ್ ಕೈಯಲ್ಲಿ ಹಿಡಿದು ಅಲೆದಾಡುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಸೇರಿಸಿ ಉದ್ದ ಹೆಸರು, ಆಧಾರ್‌ನಲ್ಲಿ ಬರೀ ಇನಿಶಿಯಲ್, ಪ್ಯಾನ್‌ನಲ್ಲಿ ಅಡ್ಡಹೆಸರು. ನಮ್ಮ ಕಡೆ ಇದು ಮನೆಮನೆಯ ಕತೆ. ಕಂಪನಿಯ ಪರವಾಗಿ ಹಿನ್ನೆಲೆ ಪರಿಶೀಲನೆ ಮಾಡುವ ಏಜೆನ್ಸಿಗೆ ಇವು ಮೂರು ಬೇರೆ ಮನುಷ್ಯರ ಹಾಗೆ ಕಾಣುತ್ತವೆ.

1. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹೆಸರನ್ನೇ ಮೂಲ ಅಂತ ಇಟ್ಟುಕೊಳ್ಳಿ. ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ.
2. ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಿಗುವುದು ಎರಡೇ ಅವಕಾಶ. ಅಕ್ಷರ ಅಕ್ಷರ ನೋಡಿ ಕೊಡಿ.
3. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ.
4. ಕೊನೆಗೆ ರೆಸ್ಯೂಮೆ ಮತ್ತು ಅರ್ಜಿಗಳಲ್ಲೂ ಅದೇ ಸ್ಪೆಲಿಂಗ್.

ಹಳೆಯ ದಾಖಲೆಯಲ್ಲಿ ಗುಲ್ಬರ್ಗಾ, ಹೊಸದರಲ್ಲಿ ಕಲಬುರಗಿ ಅಂತ ಇದ್ದರೆ ಗಾಬರಿ ಬೇಡ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಕಾಲೇಜು ಮತ್ತು ವಿಶ್ವವಿದ್ಯಾಲಯದ ಹೆಸರನ್ನು ಮಾತ್ರ ಅಂಕಪಟ್ಟಿಯಲ್ಲಿ ಇರುವ ಹಾಗೇ ಬರೆಯಿರಿ.

ಸಿಜಿಪಿಎ ವಿಷಯದಲ್ಲಿ ಒಂದೇ ಮಾತು: 6.96 ಇದ್ದರೆ 6.96 ಅಂತಲೇ ಬರೆಯಿರಿ, 7 ಅಲ್ಲ. ಶೇಕಡಾವಾರು ಕೇಳಿದರೆ ನಿಮ್ಮ ವಿಶ್ವವಿದ್ಯಾಲಯ ಕೊಟ್ಟ ಸೂತ್ರವನ್ನೇ ಬಳಸಿ. ಬ್ಯಾಕ್‌ಲಾಗ್ ಬಾಕಿ ಇದ್ದರೆ ಉಳಿದದ್ದೆಲ್ಲ ಬದಿಗಿಟ್ಟು ಮೊದಲು ಅದನ್ನು ಮುಗಿಸಿ. ಎಷ್ಟೋ ಕಂಪನಿಗಳ ಅರ್ಜಿ ನಮೂನೆಯಲ್ಲಿ ಬ್ಯಾಕ್‌ಲಾಗ್ ಇದೆ ಅಂತ ಒತ್ತಿದ ತಕ್ಷಣ ಬಾಗಿಲು ಮುಚ್ಚುತ್ತದೆ.

## ಹಂತ 4: ಬೇಕಾದ ಸಾಮಾನು

ಖರ್ಚು ನೀವು ಅಂದುಕೊಂಡಷ್ಟು ಇಲ್ಲ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ಚಿಪ್ ಕಂಪನಿಗಳಲ್ಲಿ ಕೆಲಸ ನಡೆಯುವುದೇ ಲಿನಕ್ಸ್ ಮೇಲೆ, ಹಾಗಾಗಿ ವಿಂಡೋಸ್‌ನಲ್ಲೇ ಉಳಿಯಬೇಡಿ.

ಚಿಪ್ ಡಿಸೈನ್, ವೆರಿಫಿಕೇಶನ್ ಕಡೆಗೆ ಕೋಡ್ ಓಡಿಸಿ ನೋಡಲು ಐಕೇರಸ್ ವೆರಿಲಾಗ್, ಸಿಗ್ನಲ್ ಚಿತ್ರ ನೋಡಲು ಜಿಟಿಕೆವೇವ್ ಸಾಕು. ಎರಡೂ ಉಚಿತ. ವೆರಿಲಾಗ್ ಅಭ್ಯಾಸಕ್ಕೆ ಎಚ್‌ಡಿಎಲ್‌ಬಿಟ್ಸ್ ತಾಣದಲ್ಲಿ ಲೆಕ್ಕಗಳಿವೆ, ಮೊದಲಿನಿಂದ ಕೊನೆವರೆಗೆ ಮಾಡಿ. ಯುವಿಎಂ ಕಲಿಯುವಾಗ ಐಕೇರಸ್ ಸಾಲದು. ಇಡಿಎ ಪ್ಲೇಗ್ರೌಂಡ್‌ನಲ್ಲಿ ದೊಡ್ಡ ಕಂಪನಿಗಳ ಸಿಮ್ಯುಲೇಟರ್ ಬಳಸಬಹುದು. ಅದಕ್ಕೆ ಜಿಮೇಲ್ ವಿಳಾಸ ನಡೆಯುವುದಿಲ್ಲ, ಕಾಲೇಜಿನ ಇಮೇಲ್ ಕೇಳಿ ಪಡೆಯಿರಿ. ಫಿಸಿಕಲ್ ಡಿಸೈನ್‌ಗೆ ಓಪನ್‌ಲೇನ್ ಸಾಫ್ಟ್‌ವೇರ್ ಮತ್ತು ಸ್ಕೈವಾಟರ್‌ನ 130 ನ್ಯಾನೋಮೀಟರ್ ಪಿಡಿಕೆ (ಚಿಪ್ ಕಾರ್ಖಾನೆ ಕೊಡುವ ವಿನ್ಯಾಸದ ಮಾಹಿತಿ) ಇದೆ, ಅದೂ ಉಚಿತ.

ಬೋರ್ಡ್ ಮತ್ತು ಫರ್ಮ್‌ವೇರ್ ಕಡೆಗೆ ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಆದ ಕೈಕ್ಯಾಡ್, ಒಂದು ಎಸ್‌ಟಿಎಂ32 ಮೈಕ್ರೊಕಂಟ್ರೋಲರ್ ಬೋರ್ಡು, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್. ಬಿಡಿಭಾಗಗಳು ಹೈದರಾಬಾದ್‌ನ ಕೋಠಿಯಲ್ಲಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಆಸಿಲೋಸ್ಕೋಪ್ ಕೊಳ್ಳಬೇಡಿ. ಕಾಲೇಜಿನ ಲ್ಯಾಬ್‌ನಲ್ಲಿ ಧೂಳು ಹಿಡಿದು ಕೂತಿರುತ್ತದೆ, ಲ್ಯಾಬ್ ಸಹಾಯಕರನ್ನು ಕೇಳಿ.

ಪಾಠಕ್ಕೆ ಎನ್‌ಪಿಟಿಇಎಲ್ ಇದೆ. ಪಾಠ ಉಚಿತ, ಪರೀಕ್ಷೆ ಬರೆದರೆ ಮಾತ್ರ ಶುಲ್ಕ.

## ಹಂತ 5: ಒಂದೇ ಪ್ರಾಜೆಕ್ಟ್, ಆದರೆ ತಳ ಮುಟ್ಟುವ ತನಕ

ಬಹಳ ಮಂದಿ ಇಲ್ಲೇ ಸೋಲುತ್ತಾರೆ. ಹಾಗಾಗಿ ಸ್ವಲ್ಪ ನಿಲ್ಲೋಣ.

ರೆಸ್ಯೂಮೆಗಳಲ್ಲಿ ಕಾಣುವ ಪ್ರಾಜೆಕ್ಟ್‌ಗಳು ಯಾವುವು ಹೇಳಿ? ಟ್ರಾಫಿಕ್ ಲೈಟ್ ಕಂಟ್ರೋಲರ್, ಐಒಟಿ ಆಧಾರಿತ ನೀರಾವರಿ, ಲೈನ್ ಫಾಲೋವರ್ ರೋಬೋ. ಇವನ್ನು ಓದುವವರು ನೂರು ಸಲ ನೋಡಿರುತ್ತಾರೆ. ಎಷ್ಟೋ ಸಲ ಅದನ್ನು ಹಣ ಕೊಟ್ಟು ಕೊಂಡದ್ದು ಅನ್ನುವುದೂ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಚಿಪ್ ಕಡೆ ಹೋಗುವವರು ಅಸಿಂಕ್ರೊನಸ್ ಫಿಫೋ ಮಾಡಿ. ಬರೆಯುವ ಕಡೆ ಒಂದು ಕ್ಲಾಕ್, ಓದುವ ಕಡೆ ಬೇರೆ ಕ್ಲಾಕ್, ನಡುವೆ ಡೇಟಾ ಕಾಯುವ ಜಾಗ, ಮೊದಲು ಬಂದದ್ದು ಮೊದಲು ಹೊರಗೆ. ನೂರಿನ್ನೂರು ಸಾಲಿನ ಕೋಡ್ ಅಷ್ಟೇ. ಆದರೆ ಇಂಟರ್ವ್ಯೂನಲ್ಲಿ ಕೇಳುವ ಅರ್ಧ ವಿಷಯ ಅದರೊಳಗೇ ಇದೆ. ಮಾಡುವ ಕ್ರಮ ಹೀಗೆ:

1. ಮೊದಲು ಒಂದೇ ಕ್ಲಾಕ್‌ನ ಫಿಫೋ ಬರೆಯಿರಿ. ತುಂಬಿದೆ, ಖಾಲಿ ಇದೆ ಅನ್ನುವ ಎರಡು ಸಿಗ್ನಲ್ ಸರಿಯಾಗಿ ಬರಲಿ.
2. ಎರಡು ಕ್ಲಾಕ್‌ಗೆ ಬದಲಿಸಿ. ಪಾಯಿಂಟರ್‌ಗಳನ್ನು (ಮುಂದೆ ಎಲ್ಲಿ ಬರೆಯಬೇಕು, ಎಲ್ಲಿ ಓದಬೇಕು ಅನ್ನುವ ಎಣಿಕೆ) ಗ್ರೇ ಕೋಡ್ ಮಾಡಿ, ಎರಡು ಫ್ಲಾಪ್‌ನ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಸಿಂಕ್ರೊನೈಸರ್ ಮೂಲಕ ಆಚೆ ಕಡೆಗೆ ದಾಟಿಸಿ.
3. ಟೆಸ್ಟ್‌ಬೆಂಚ್, ಅಂದರೆ ಡಿಸೈನ್ ಅನ್ನು ಪರೀಕ್ಷಿಸುವ ಕೋಡ್, ಬರೆಯಿರಿ. ಯಾದೃಚ್ಛಿಕವಾಗಿ ಬರೆಯಲಿ, ಓದಲಿ. ಹೋದದ್ದೂ ಬಂದದ್ದೂ ಒಂದೇನಾ ಅಂತ ಟೆಸ್ಟ್‌ಬೆಂಚ್ ತಾನೇ ಹೋಲಿಸಿ ಹೇಳಬೇಕು. ವೇವ್‌ಫಾರ್ಮ್ ಕಣ್ಣಿಂದ ನೋಡಿ "ಸರಿ ಇದೆ" ಅನ್ನುವುದು ವೆರಿಫಿಕೇಶನ್ ಅಲ್ಲ.
4. ಈಗ ಬೇಕಂತಲೇ ಕೆಡಿಸಿ.

ನಾಲ್ಕನೆಯದನ್ನು ಯಾರೂ ಮಾಡುವುದಿಲ್ಲ, ಮಜಾ ಇರುವುದೇ ಅಲ್ಲಿ. ಗ್ರೇ ಕೋಡ್ ತೆಗೆದು ಸಾದಾ ಬೈನರಿ ಪಾಯಿಂಟರ್ ಹಾಕಿ ಸಿಮ್ಯುಲೇಶನ್ ಓಡಿಸಿ. ಏನೂ ಆಗುವುದಿಲ್ಲ! ಎಲ್ಲ ಟೆಸ್ಟೂ ಪಾಸ್. ಯಾಕೆಂದರೆ ಸಾದಾ ಆರ್‌ಟಿಎಲ್ ಸಿಮ್ಯುಲೇಶನ್‌ನಲ್ಲಿ ಪಾಯಿಂಟರ್‌ನ ಎಲ್ಲ ಬಿಟ್‌ಗಳೂ ಒಂದೇ ಕ್ಷಣದಲ್ಲಿ ಬದಲಾಗುತ್ತವೆ. ನಿಜವಾದ ಚಿಪ್‌ನಲ್ಲಿ ಒಂದೊಂದು ತಂತಿಯ ತಡ ಒಂದೊಂದು ಥರ. 0111 ಇದ್ದದ್ದು 1000 ಆಗುವಾಗ ನಡುವೆ ಓದಿದರೆ 1111 ಅಂತಲೋ 0000 ಅಂತಲೋ ಸಿಗಬಹುದು. ಗ್ರೇ ಕೋಡ್‌ನಲ್ಲಿ ಒಂದು ಸಲಕ್ಕೆ ಒಂದೇ ಬಿಟ್ ಬದಲಾಗುವುದರಿಂದ ಹಳೆಯ ಬೆಲೆ ಅಥವಾ ಹೊಸ ಬೆಲೆ, ಎರಡರಲ್ಲಿ ಒಂದು ಸಿಗುತ್ತದೆ. ನಿಮ್ಮ ಟೆಸ್ಟ್‌ಬೆಂಚ್‌ನಲ್ಲಿ ಪ್ರತಿ ಬಿಟ್‌ಗೂ ಬೇರೆ ಬೇರೆ ಯಾದೃಚ್ಛಿಕ ತಡ ಸೇರಿಸಿ ಮತ್ತೆ ಓಡಿಸಿ. ಈಗ ಬೈನರಿ ಪಾಯಿಂಟರ್ ಇರುವ ಫಿಫೋ ಕೆಡುತ್ತದೆ, ಗ್ರೇ ಕೋಡ್ ಇರುವುದು ನಿಲ್ಲುತ್ತದೆ. ಈ ಎರಡು ಫಲಿತಾಂಶವನ್ನು ಅಕ್ಕಪಕ್ಕ ತೋರಿಸುವ ಹೊಸಬರು ಅಪರೂಪ.

ಬೋರ್ಡ್ ಕಡೆ ಹೋಗುವವರು ಎರಡು ಪದರದ ಒಂದು ಸಣ್ಣ ಬೋರ್ಡನ್ನು ಕೈಕ್ಯಾಡ್‌ನಲ್ಲಿ ಬರೆದು, ಪಿಸಿಬಿ ಮಾಡಿಸಿ, ಕೈಯಾರೆ ಬೆಸುಗೆ ಹಾಕಿ ಎಬ್ಬಿಸಿ. ಮೈಕ್ರೊಕಂಟ್ರೋಲರ್, ಒಂದು ವೋಲ್ಟೇಜ್ ರೆಗ್ಯುಲೇಟರ್, ಒಂದು ಐ2ಸಿ (ಎರಡು ತಂತಿಯ ಸಂಪರ್ಕ) ಸೆನ್ಸರ್ ಸಾಕು. ಕರೆಂಟ್ ಕೊಡುವ ಮೊದಲು ಪವರ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ. ಐ2ಸಿ ಮಾತಾಡದಿದ್ದರೆ ಮೊದಲ ಅನುಮಾನ ಪುಲ್‌ಅಪ್ ರೆಸಿಸ್ಟರ್ ಮೇಲೆ ಇರಲಿ. ಆ ಲೈನ್‌ಗಳು ಓಪನ್ ಡ್ರೇನ್, ಅಂದರೆ ಚಿಪ್ ಅವನ್ನು ಕೆಳಗೆ ಮಾತ್ರ ಎಳೆಯುತ್ತದೆ, ಪುಲ್‌ಅಪ್ ಇಲ್ಲದೆ ಮೇಲೇಳುವುದೇ ಇಲ್ಲ. ಬೋರ್ಡ್ ಮೊದಲ ಸಲಕ್ಕೇ ಕೆಲಸ ಮಾಡಲಿಲ್ಲ ಅಂತ ಬೇಜಾರಾಗಬೇಡಿ. ಏನು ಕೆಟ್ಟಿತು, ಹೇಗೆ ಹುಡುಕಿದಿರಿ ಅನ್ನುವುದನ್ನು ಫೋಟೊ ಸಮೇತ ಬರೆದಿಡಿ. ವ್ಯಾಲಿಡೇಶನ್ ತಂಡದವರು ಕೇಳುವುದು ಅದನ್ನೇ.

ಕೋಡ್, ಚಿತ್ರ, ಟಿಪ್ಪಣಿ ಎಲ್ಲವನ್ನೂ ಗಿಟ್‌ಹಬ್‌ನಲ್ಲಿ ಹಾಕಿ. ಕೊನೆಯ ದಿನ ಒಟ್ಟಿಗೆ ಸುರಿಯಬೇಡಿ, ಮಾಡುತ್ತಾ ಮಾಡುತ್ತಾ ಹಾಕಿ.

ತಪ್ಪು ದಾರಿಯ ಸೂಚನೆ: ಪ್ರಾಜೆಕ್ಟ್‌ನ ಬ್ಲಾಕ್ ಚಿತ್ರವನ್ನು ಪುಸ್ತಕ ನೋಡದೆ ಖಾಲಿ ಹಾಳೆಯ ಮೇಲೆ ಬರೆಯಲು ಬರುತ್ತಿಲ್ಲ ಅಂದರೆ ಅದು ಇನ್ನೂ ನಿಮ್ಮದಾಗಿಲ್ಲ.

## ಹಂತ 6: ರೆಸ್ಯೂಮೆ

ಒಂದೇ ಪುಟ. ಫೋಟೊ ಬೇಡ, ತಂದೆಯ ಹೆಸರು ಬೇಡ, ಜಾತಿ ಧರ್ಮ ಬೇಡ, "ಮೇಲಿನ ಮಾಹಿತಿ ಸತ್ಯ" ಅನ್ನುವ ಘೋಷಣೆ ಬೇಡ. ಎರಡು ಕಾಲಂ, ಬಣ್ಣದ ಪಟ್ಟಿ, ಕೌಶಲಕ್ಕೆ ನಕ್ಷತ್ರ ಇವೂ ಬೇಡ. ಅರ್ಜಿಯನ್ನು ಮೊದಲು ಓದುವುದು ಸಾಫ್ಟ್‌ವೇರ್, ಅದಕ್ಕೆ ಸಾದಾ ಅಕ್ಷರವೇ ಸುಲಭ.

ಕೌಶಲದ ಪಟ್ಟಿಯನ್ನು ಜಾತ್ರೆಯ ಅಂಗಡಿಯ ಹಾಗೆ ಹರಡಬೇಡಿ. ಜಾವಾ, ಎಚ್‌ಟಿಎಂಎಲ್, ಮ್ಯಾಟ್‌ಲ್ಯಾಬ್, ಫೋಟೊಶಾಪ್, ವೆರಿಲಾಗ್ ಎಲ್ಲ ಒಂದೇ ಸಾಲಿನಲ್ಲಿ ಇದ್ದರೆ ನೀವು ಯಾವ ಕೆಲಸಕ್ಕೂ ತಯಾರಿಲ್ಲ ಅಂತ ಅರ್ಥ. ಬರೆದ ಪ್ರತಿಯೊಂದರ ಮೇಲೂ ಪ್ರಶ್ನೆ ಬರುತ್ತದೆ, ಅದು ನೆನಪಿರಲಿ.

ಪ್ರಾಜೆಕ್ಟ್ ಸಾಲು ಹೇಗಿರಬೇಕು? ರೆಸ್ಯೂಮೆ ಇಂಗ್ಲಿಷ್‌ನಲ್ಲೇ ಇರಲಿ, ಇಲ್ಲಿ ತಿಳಿಯಲಿ ಅಂತ ಕನ್ನಡದಲ್ಲಿ ಕೊಡುತ್ತೇನೆ.

ಹೀಗೆ ಬೇಡ: "ವೆರಿಲಾಗ್ ಬಳಸಿ ಅಸಿಂಕ್ರೊನಸ್ ಫಿಫೋ ವಿನ್ಯಾಸ ಮತ್ತು ಅನುಷ್ಠಾನ."

ಹೀಗಿರಲಿ: "64 ಸ್ಥಾನಗಳ ಅಸಿಂಕ್ರೊನಸ್ ಫಿಫೋ, ಬರೆಯಲು 100, ಓದಲು 50 ಮೆಗಾಹರ್ಟ್ಸ್. ತಾನೇ ಪರೀಕ್ಷಿಸುವ ಟೆಸ್ಟ್‌ಬೆಂಚ್. ಬಿಟ್‌ಗಳ ನಡುವೆ ಯಾದೃಚ್ಛಿಕ ತಡ ಸೇರಿಸಿ ಬೈನರಿ ಪಾಯಿಂಟರ್ ವಿಫಲವಾಗುವುದನ್ನು, ಗ್ರೇ ಪಾಯಿಂಟರ್ ಉಳಿಯುವುದನ್ನು ತೋರಿಸಿದೆ."

## ಹಂತ 7: ಮೊದಲು ರೆಫರಲ್, ಆಮೇಲೆ ಅರ್ಜಿ

ಈ ಕ್ರಮ ತಪ್ಪಿದರೆ ಸರಿ ಮಾಡುವುದು ಕಷ್ಟ. ಅನೇಕ ಕಂಪನಿಗಳಲ್ಲಿ ನೀವೇ ಒಮ್ಮೆ ಅರ್ಜಿ ಹಾಕಿಬಿಟ್ಟರೆ ಆಮೇಲೆ ಒಳಗಿನವರು ಅದೇ ಹುದ್ದೆಗೆ ನಿಮ್ಮನ್ನು ರೆಫರ್ ಮಾಡಲು, ಅಂದರೆ ಶಿಫಾರಸು ಮಾಡಲು, ವ್ಯವಸ್ಥೆ ಬಿಡುವುದಿಲ್ಲ. ಹಾಗಾಗಿ ಹುದ್ದೆ ಕಂಡ ತಕ್ಷಣ ಒತ್ತಬೇಡಿ. ಒಂದೆರಡು ದಿನ ಒಳಗಿನವರನ್ನು ಹುಡುಕಿ.

ಯಾರು ಸಿಗುತ್ತಾರೆ? ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋಗಿ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಕಂಪನಿಯ ಹೆಸರು ಹಾಕಿ ನೋಡಿ. ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಬೀದರ್‌ನ ಗುರುನಾನಕ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ ಕಾಲೇಜುಗಳಿಂದಲೂ ಸಾಕಷ್ಟು ಜನ ಬೆಂಗಳೂರು, ಹೈದರಾಬಾದ್ ಸೇರಿದ್ದಾರೆ. "ಅಣ್ಣಾ, ಎನಿ ಓಪನಿಂಗ್ಸ್?" ಅಂತ ಕಳಿಸಿದರೆ ಉತ್ತರ ಬರುವುದಿಲ್ಲ. ಕೆಲಸವನ್ನೆಲ್ಲ ನೀವೇ ಮಾಡಿಕೊಡಿ, ಅವರು ಒಂದು ಗುಂಡಿ ಒತ್ತಿದರೆ ಸಾಕು ಅನ್ನುವಂತಿರಲಿ:

"ನಮಸ್ಕಾರ ಅಕ್ಕಾ. ನಾನು ನಮ್ಮದೇ ಕಾಲೇಜಿನ ಇ ಅಂಡ್ ಸಿ, ಈ ವರ್ಷ ಪಾಸಾದೆ. ನಿಮ್ಮ ಕಂಪನಿಯಲ್ಲಿ ಹೊಸಬರಿಗೆ ವೆರಿಫಿಕೇಶನ್ ಹುದ್ದೆ ಇದೆ, ಹುದ್ದೆಯ ಸಂಖ್ಯೆ ಮತ್ತು ಲಿಂಕ್ ಕೆಳಗಿದೆ. ಎರಡು ಕ್ಲಾಕ್‌ನ ಫಿಫೋ ಮಾಡಿ ಅದನ್ನು ಕೆಡಿಸಿ ನೋಡಿದ್ದೇನೆ, ಕೋಡ್ ಇಲ್ಲಿದೆ. ರೆಸ್ಯೂಮೆ ಜೊತೆಗಿಟ್ಟಿದ್ದೇನೆ. ಸರಿ ಅನಿಸಿದರೆ ರೆಫರ್ ಮಾಡ್ತೀರಾ? ಇನ್ನೂ ಕಲಿಯಬೇಕು ಅನಿಸಿದರೆ ಅದನ್ನೇ ಹೇಳಿ, ಬೇಜಾರಿಲ್ಲ."

ಇದರಲ್ಲಿ ಮುಜುಗರ ಪಡುವಂಥದ್ದು ಏನೂ ಇಲ್ಲ. ರೆಫರ್ ಆದವರು ಕೆಲಸಕ್ಕೆ ಸೇರಿದರೆ ಎಷ್ಟೋ ಕಂಪನಿಗಳು ರೆಫರ್ ಮಾಡಿದ ನೌಕರರಿಗೂ ಬೋನಸ್ ಕೊಡುತ್ತವೆ. ಆದರೆ ರೆಫರಲ್ ಅಂದರೆ ಕೆಲಸ ಅಲ್ಲ. ನಿಮ್ಮ ರೆಸ್ಯೂಮೆಯನ್ನು ಒಬ್ಬ ಮನುಷ್ಯ ತೆರೆದು ನೋಡುತ್ತಾನೆ, ಅಷ್ಟೇ.

ಉತ್ತರ ಬರದಿದ್ದರೆ ಕಂಪನಿಯ ಸ್ವಂತ ಕರಿಯರ್ ತಾಣದಲ್ಲೇ ಅರ್ಜಿ ಹಾಕಿ. ಇಂಟರ್ನ್, ಹೊಸ ಪದವೀಧರ ಅನ್ನುವ ವಿಭಾಗ ಮಾತ್ರ ನೋಡಿ. ಐದು ವರ್ಷದ ಅನುಭವ ಕೇಳುವ ಹುದ್ದೆಗೆ ಅರ್ಜಿ ಹಾಕಿ ನಿರಾಶರಾಗುವುದು ಸುಮ್ನೆ ಸಮಯ ಹಾಳು. ಒಂದು ಕಂಪನಿಗೆ ಎರಡು ಮೂರು ಹುದ್ದೆ ಸಾಕು. ನಲವತ್ತು ಹುದ್ದೆಗೆ ಹಾಕಿದರೆ ಅದೂ ಅವರ ಕಂಪ್ಯೂಟರ್‌ನಲ್ಲಿ ಕಾಣುತ್ತದೆ.

## ಹಂತ 8: ಆನ್‌ಲೈನ್ ಪರೀಕ್ಷೆ

ಡಿಜಿಟಲ್, ಸಿ ಭಾಷೆ, ಸ್ವಲ್ಪ ಆಪ್ಟಿಟ್ಯೂಡ್. ಹಳೆಯ ಗೇಟ್ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ತಯಾರಿ ಆಗುತ್ತದೆ.

ನಮ್ಮ ಕಡೆ ಸೋಲಿಸುವುದು ಪ್ರಶ್ನೆಗಿಂತ ಕರೆಂಟು. ಕ್ಯಾಮೆರಾ ಹಾಕಿ ಕಾಯುವ ಪರೀಕ್ಷೆಯಲ್ಲಿ ನೆಟ್ ಹೋದರೆ ಮತ್ತೆ ಒಳಗೆ ಬಿಡುತ್ತಾರೆ ಅಂತ ಖಾತ್ರಿ ಇಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಎರಡು ಬೇರೆ ಕಂಪನಿಯ ಸಿಮ್‌ಗಳಲ್ಲಿ ಡೇಟಾ ಇರಲಿ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಕೆಳಗಿನ ಕೋಣೆಯಲ್ಲಿ ಕೂತರೆ ಲ್ಯಾಪ್‌ಟಾಪ್ ಬಿಸಿಯಾಗಿ ನಿಧಾನ ಆಗುತ್ತದೆ. ಇನ್ವರ್ಟರ್ ಇರುವ ಸ್ನೇಹಿತರ ಮನೆ ಅಥವಾ ಕಾಲೇಜಿನ ಕೊಠಡಿ ಹಿಡಿಯಿರಿ. ಪಕ್ಕದಲ್ಲಿ ಯಾರೂ ಓಡಾಡಬಾರದು, ಕ್ಯಾಮೆರಾಗೆ ಇನ್ನೊಂದು ಮುಖ ಕಂಡರೂ ದೂರು ದಾಖಲಾಗುತ್ತದೆ.

## ಹಂತ 9: ಇಂಟರ್ವ್ಯೂ

ಸಾಮಾನ್ಯವಾಗಿ ಎರಡು ಮೂರು ತಾಂತ್ರಿಕ ಸುತ್ತು, ಆಮೇಲೆ ಮ್ಯಾನೇಜರ್, ಕೊನೆಗೆ ಎಚ್‌ಆರ್. ತಾಂತ್ರಿಕ ಸುತ್ತಿನಲ್ಲಿ ಪ್ರಶ್ನೆ ಸುಲಭವಾಗಿ ಶುರುವಾಗಿ ಒಂದೊಂದೇ ಮೆಟ್ಟಿಲು ಏರುತ್ತದೆ. ಎರಡು ಉದಾಹರಣೆ ನೋಡಿ.

ಟೈಮಿಂಗ್. ಕ್ಲಾಕ್ 100 ಮೆಗಾಹರ್ಟ್ಸ್, ಅಂದರೆ 10 ನ್ಯಾನೋಸೆಕೆಂಡ್. ಫ್ಲಾಪ್‌ನಿಂದ ಡೇಟಾ ಹೊರಬರಲು 1, ನಡುವಿನ ಲಾಜಿಕ್‌ಗೆ 7, ಮುಂದಿನ ಫ್ಲಾಪ್‌ನ ಸೆಟಪ್ (ಕ್ಲಾಕ್ ಬರುವ ಮೊದಲು ಡೇಟಾ ಸ್ಥಿರವಾಗಿರಬೇಕಾದ ಸಮಯ) 0.5. ಒಟ್ಟು 8.5, ಉಳಿಕೆ 1.5. ಇಷ್ಟು ಎಲ್ಲರೂ ಹೇಳುತ್ತಾರೆ. ಈಗ ಕ್ಲಾಕ್ 125 ಮೆಗಾಹರ್ಟ್ಸ್ ಮಾಡಿ ಅನ್ನುತ್ತಾರೆ. ಅವಧಿ 8 ಆಯಿತು, 0.5 ಕಡಿಮೆ ಬಿತ್ತು. ಲಾಜಿಕ್ ಒಡೆದು ನಡುವೆ ಫ್ಲಾಪ್ ಹಾಕಬೇಕು, ಇಲ್ಲವೇ ಲಾಜಿಕ್ ಅನ್ನೇ ವೇಗ ಮಾಡಬೇಕು.

ಆಮೇಲೆ ಬರುತ್ತದೆ ಹೋಲ್ಡ್, ಅಂದರೆ ಕ್ಲಾಕ್ ಬಂದ ಮೇಲೂ ಡೇಟಾ ಸ್ಥಿರವಾಗಿರಬೇಕಾದ ಸಮಯ. ಎರಡು ಫ್ಲಾಪ್ ನೇರವಾಗಿ ಜೋಡಿಸಿವೆ, ಡೇಟಾ ಬೇಗ ಅಂದರೆ 0.2ರಲ್ಲಿ ಹೊರಬರುತ್ತದೆ, ಹೋಲ್ಡ್ 0.3 ಬೇಕು. 0.1 ಕಡಿಮೆ. "ಕ್ಲಾಕ್ ನಿಧಾನ ಮಾಡಿದರೆ ಸರಿಹೋಗುತ್ತಾ?" ಅಂತ ಕೇಳುತ್ತಾರೆ. ಹೂಂ ಅಂದವರು ಅಲ್ಲೇ ಹೊರಗೆ. ಹೋಲ್ಡ್ ಲೆಕ್ಕದಲ್ಲಿ ಕ್ಲಾಕ್ ಅವಧಿ ಬರುವುದೇ ಇಲ್ಲ, ನಡುವೆ ಬಫರ್ ಹಾಕಿ ತಡ ಮಾಡಬೇಕು. ಸೆಟಪ್ ತಪ್ಪಿದ ಚಿಪ್ ಅನ್ನು ಕಡಿಮೆ ವೇಗದಲ್ಲಾದರೂ ಓಡಿಸಬಹುದು, ಹೋಲ್ಡ್ ತಪ್ಪಿದ ಚಿಪ್‌ಗೆ ಆ ದಾರಿಯೂ ಇಲ್ಲ. ಇದನ್ನು ಅವರು ಕೇಳುವ ಮೊದಲೇ ಹೇಳಿದರೆ ಎದುರಿನವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಫಿಫೋ ಆಳ. 100 ಮೆಗಾಹರ್ಟ್ಸ್‌ನಲ್ಲಿ ಸತತ 80 ಪದ ಬರೆಯುತ್ತಾರೆ, 50 ಮೆಗಾಹರ್ಟ್ಸ್‌ನಲ್ಲಿ ಓದುತ್ತಾರೆ. ಬರೆಯಲು 800 ನ್ಯಾನೋಸೆಕೆಂಡ್, ಅಷ್ಟರಲ್ಲಿ 40 ಓದಿ ಆಗಿರುತ್ತದೆ. ಉಳಿದ 40ಕ್ಕೆ ಜಾಗ ಬೇಕು. ಇಲ್ಲಿಗೆ ನಿಲ್ಲಬೇಡಿ. ಸಿಂಕ್ರೊನೈಸರ್ ತಡಕ್ಕೆ ಇನ್ನು ಕೆಲವು ಸ್ಥಾನ ಬೇಕು. ಸಾದಾ ಗ್ರೇ ಕೋಡ್ ಕೌಂಟರ್‌ಗೆ ಆಳ ಎರಡರ ಘಾತವಾಗಿರಬೇಕು, ಹಾಗಾಗಿ 64. "ಒಂದರ ಹಿಂದೆ ಒಂದು ಎರಡು ಕಂತು ಬಂದರೆ?" ಅಂತ ಅವರು ಕೇಳಿಯೇ ಕೇಳುತ್ತಾರೆ. 160 ಬರೆಯುವಷ್ಟರಲ್ಲಿ 80 ಓದಿರುತ್ತದೆ, 80 ಉಳಿಯುತ್ತದೆ, ಈಗ 128 ಬೇಕು.

ಫರ್ಮ್‌ವೇರ್‌ನವರಿಗೆ ಪಾಯಿಂಟರ್, ಬಿಟ್ ತಿದ್ದುವುದು, ವೊಲಟೈಲ್ ಯಾಕೆ, ಇಂಟರಪ್ಟ್ ಒಳಗೆ ಏನು ಮಾಡಬಾರದು, ಇವೇ ತಿರುಗಿ ತಿರುಗಿ ಬರುತ್ತವೆ.

ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಅನ್ನಿ. ಆದರೆ ಅಲ್ಲಿಗೇ ಬಾಯಿ ಮುಚ್ಚಬೇಡಿ. ಗೊತ್ತಿರುವುದರಿಂದ ಎಲ್ಲಿವರೆಗೆ ಹೋಗಬಹುದು ಅಂತ ಜೋರಾಗಿ ಯೋಚಿಸಿ. ಕಂಪನಿಯವರು ನೋಡುವುದು ಉತ್ತರಕ್ಕಿಂತ ಆ ದಾರಿಯನ್ನು.

ಇಂಗ್ಲಿಷ್ ಭಯದ ಬಗ್ಗೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಅಡ್ಡಿಯಲ್ಲ, ಮಾತಾಡದೆ ಕೂರುವುದು ಅಡ್ಡಿ. ನಿಮ್ಮ ಪ್ರಾಜೆಕ್ಟನ್ನು ಮೊದಲು ಕನ್ನಡದಲ್ಲಿ ಮೂರು ನಿಮಿಷ ವಿವರಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕನ್ನಡದಲ್ಲೇ ತಡವರಿಸಿದರೆ ತೊಂದರೆ ಭಾಷೆಯದ್ದಲ್ಲ, ವಿಷಯದ್ದು. ಅದು ಸರಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಹೇಳಿ. ಇಂಟರ್ವ್ಯೂನಲ್ಲಿ ಮೊದಲು ಚಿತ್ರ ಬರೆಯಿರಿ, ಬೆರಳಿಟ್ಟು ಮಾತಾಡಿ. ಅರ್ಧ ಭಾರ ಚಿತ್ರ ಹೊರುತ್ತದೆ.

ನೇರ ಇಂಟರ್ವ್ಯೂಗೆ ಬೆಂಗಳೂರಿಗೆ ಹೋಗುವವರು ಹಿಂದಿನ ದಿನವೇ ತಲುಪಿ. ಕಲಬುರಗಿಯಿಂದ ವಂದೇ ಭಾರತ್ ಬೆಳಗ್ಗೆ ಹೊರಟರೂ ತಲುಪುವುದು ಮಧ್ಯಾಹ್ನ. ರಾತ್ರಿ ರೈಲಿಳಿದು ನೇರ ಹತ್ತು ಗಂಟೆಗೆ ಹೋಗಿ ಕೂತರೆ ತಲೆ ಓಡುವುದಿಲ್ಲ.

## ಹಂತ 10: ಆಫರ್ ಬಂದ ಮೇಲೆ, ಮತ್ತು ಬಂದ ಹಾಗೆ ಕಂಡಾಗ

ಆಫರ್‌ನಲ್ಲಿ ದೊಡ್ಡ ಸಂಖ್ಯೆ ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ಅದರಲ್ಲಿ ಜಾಯಿನಿಂಗ್ ಬೋನಸ್, ವರ್ಷ ವರ್ಷ ಕಂತಿನಲ್ಲಿ ಬರುವ ಷೇರು, ಪಿಎಫ್ ಎಲ್ಲ ಸೇರಿರುತ್ತದೆ. ತಿಂಗಳಿಗೆ ಕೈಗೆ ಎಷ್ಟು ಅಂತ ಎಚ್‌ಆರ್‌ನ ನೇರವಾಗಿ ಕೇಳಿ, ತಪ್ಪಿಲ್ಲ. ಬೇಗ ಬಿಟ್ಟರೆ ಜಾಯಿನಿಂಗ್ ಬೋನಸ್ ವಾಪಸ್ ಕೊಡಬೇಕಾ ಅಂತಲೂ ಓದಿ.

ಸುಳ್ಳು ಅನುಭವ ಪತ್ರ ಮಾಡಿಸುವವರ ಹತ್ತಿರ ಹೋಗಲೇಬೇಡಿ. ಪರಿಶೀಲನೆ ಮಾಡುವವರು ಪಿಎಫ್ ಖಾತೆಯ ಇತಿಹಾಸ ನೋಡುತ್ತಾರೆ. ಅಲ್ಲಿ ಇಲ್ಲದ ಕಂಪನಿ ರೆಸ್ಯೂಮೆಯಲ್ಲಿ ಇದ್ದರೆ ಸೇರಿದ ಮೇಲೂ ತೆಗೆದುಹಾಕುತ್ತಾರೆ.

ಇನ್ನು ಮೋಸದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ:

- ನೋಂದಣಿ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಅಂತ ಯಾವುದೇ ಹೆಸರಿನಲ್ಲಿ ಹಣ ಕೇಳುವುದು. ದೊಡ್ಡ ಹಾರ್ಡ್‌ವೇರ್ ಕಂಪನಿ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.
- ಟೆಲಿಗ್ರಾಂ ಅಥವಾ ವಾಟ್ಸ್‌ಆ್ಯಪ್ ಚಾಟ್‌ನಲ್ಲೇ ಇಂಟರ್ವ್ಯೂ ಮುಗಿದು ಅದೇ ದಿನ ಆಫರ್.
- ಕಂಪನಿಯ ಹೆಸರಿಗೆ ಒಂದು ಅಕ್ಷರ ಸೇರಿಸಿದ, ಇಲ್ಲವೇ ಜಿಮೇಲ್ ವಿಳಾಸದಿಂದ ಬಂದ ಪತ್ರ.
- "ಹಿಂಬಾಗಿಲಿನಿಂದ ಸೇರಿಸ್ತೀವಿ, ಮೊದಲು ಅರ್ಧ ಕೊಡಿ" ಅನ್ನುವ ಏಜೆಂಟ್. ಇಂಥವರು ಅನೇಕ ಸಲ ಪರಿಚಯದವರ ಮೂಲಕವೇ ಮನೆಗೆ ಬರುತ್ತಾರೆ, ಅಪ್ಪನ ಹತ್ತಿರ ಮಾತಾಡುತ್ತಾರೆ. ಮನೆಯವರಿಗೂ ಮೊದಲೇ ಹೇಳಿಡಿ.

ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ.

ಸಣ್ಣ ಸರ್ವಿಸ್ ಕಂಪನಿಗೆ ಸೇರುವವರು ಬಾಂಡ್ ಪತ್ರವನ್ನು ಮನೆಗೆ ತಂದು ಓದಿ ಸಹಿ ಮಾಡಿ. ಎಷ್ಟು ವರ್ಷ, ಬಿಟ್ಟರೆ ಎಷ್ಟು ಕೊಡಬೇಕು, ತರಬೇತಿ ಸಮಯದಲ್ಲಿ ಸಂಬಳ ಇದೆಯಾ, ಈ ಮೂರು ಕಾಣಬೇಕು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಪ್ರತಿಯನ್ನು ಅದೇ ದಿನ ವಾಪಸ್ ತನ್ನಿ. "ಎರಡು ವರ್ಷ ನಮ್ಮ ಹತ್ರ ಇರಲಿ" ಅಂದರೆ ಆ ಕೆಲಸ ಬೇಡ.